ಹೆಣ್ಣು ಎತ್ತಬೇಕಾದ ಸೋದರಮಾವ

ಮೈಸೂರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಪುಟ್ಟಮಾದು ಭೀಮನಬೀಡಿನ ಸ್ಟಾಪಿನಲ್ಲಿ ಬಸ್ಸಿಂದ ಇಳಿದಾಗ, ನೋಡಲೆಂದೇ ಕಾದು ನಿಂತಿದ್ದವರಿಗೆಲ್ಲ ಮೋಸ ಹೋದಂತಾಯಿತು. ತೂಕ ಇಳಿಸುವ ಆಪರೇಷನ್ ಅಂದರೆ ಕೊಬ್ಬನ್ನೆಲ್ಲ ಕುಯ್ದು ಬಕೆಟ್ಟಿಗೆ ಹಾಕಿ, ಆಳನ್ನು ಸಣ್ಣ ಮಾಡಿ ಮನೆಗೆ ಕಳಿಸುತ್ತಾರೆ ಎಂದೇ ಊರು ನಂಬಿತ್ತು. ಆದರೆ ಹೋದವನೇ ಹಾಗೇ ವಾಪಸ್ಸು ಬಂದಿದ್ದ. ಅದೇ ಹೊಟ್ಟೆ, ಅದೇ ಏದುಸಿರು. ಅವನು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟಾಗ ಬಸ್ಸು ಒಂದು ಪಕ್ಕಕ್ಕೆ ವಾಲಿದ್ದೂ ಎಂದಿನಂತೆಯೇ.

"ಇದೇನ್ಲಾ ಮಾದು, ದುಡ್ ಈಸ್ಕಂಡು ಅಂಗೇ ಕಳ್ಸ್‌ಬುಟ್ಟವ್ರಾ?" ಎಂದ ಕಟ್ಟೆಯ ಮೇಲೆ ಕೂತಿದ್ದ ಪುಟ್ಟಬಸಪ್ಪ.

"ಹೊಟ್ಟ ಚಿಕ್ದು ಮಾಡವ್ರ ಕಣಣ್ಣ. ತೂಕ ಅದ್ರ ಪಾಡ್ಗ ಅದು ಇಳೀಬೇಕು, ನಿಧಾನಕ್ಕ."

"ನಿಧಾನಕ್ಕ ಅಂದ್ರ?"

ಅದನ್ನೇ ಪುಟ್ಟಮಾದು ಡಾಕ್ಟರನ್ನೂ ಕೇಳಿದ್ದ. ಒಬ್ಬೊಬ್ಬರ ಮೈ ಒಂದೊಂದು ಥರ, ತಾಳ್ಮೆ ಬೇಕು ಎಂದಿದ್ದರು ಅವರು. ತಾಳ್ಮೆಗೇನು, ಇಪ್ಪತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಚಿಲ್ಲರೆ ಕೊಟ್ಟವನಿಗೆ ಅದು ಬೇಕಾದಷ್ಟಿತ್ತು. ಇಲ್ಲದ್ದು ಸಮಯ. ಬರುವ ವೈಶಾಖದಲ್ಲಿ ಅಕ್ಕನ ಮಗಳು ಭಾನುವಿನ ಮದುವೆ ಗೊತ್ತಾಗಿತ್ತು.

ಇವರ ಪೈಕಿ ಮದುವೆಯಲ್ಲಿ ಹೆಣ್ಣು ತಾನಾಗಿ ನಡೆದು ಹಸೆಮಣೆಗೆ ಬರುವುದಿಲ್ಲ. ಸೋದರಮಾವ ಅವಳನ್ನು ತೋಳಿನಲ್ಲಿ ಎತ್ತಿಕೊಂಡು ಬಂದು ಕೂರಿಸಬೇಕು, ನಡುವೆ ನೆಲಕ್ಕೆ ಇಳಿಸುವಂತಿಲ್ಲ. ಅಕ್ಕ ದೊಡ್ಡಮಾದಮ್ಮನ ಮದುವೆಯಲ್ಲಿ ಅವರ ಮಾವ ದೊಡ್ಡಬೀರಯ್ಯ, ಬಾಯಲ್ಲಿದ್ದ ಬೀಡಿಯನ್ನೂ ತೆಗೆಯದೆ, ಒಳಮನೆಯಿಂದ ಚಪ್ಪರದವರೆಗೆ ಅವಳನ್ನು ಹೂವಿನ ಹಾಗೆ ಎತ್ತಿಕೊಂಡು ಬಂದಿದ್ದ. ಆಗ ಚಡ್ಡಿ ಹಾಕುತ್ತಿದ್ದ ಪುಟ್ಟಮಾದು ಪಕ್ಕದಲ್ಲೇ ಓಡುತ್ತಾ ಅದನ್ನು ನೋಡಿದ್ದ. ತನ್ನ ಸರದಿಯೂ ಒಂದು ದಿನ ಬರುತ್ತದೆ ಎಂದು ಅವತ್ತೇ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ವೀಳ್ಯಶಾಸ್ತ್ರದ ದಿನ ಈ ಮಾತು ಬಂದಾಗ ಎಲ್ಲರ ಕಣ್ಣೂ ಪುಟ್ಟಮಾದುವಿನ ಹೊಟ್ಟೆಯ ಮೇಲೆ ಬಿತ್ತು. ಎರಡು ಹೆಜ್ಜೆ ನಡೆದರೆ ಮೂರನೆಯದಕ್ಕೆ ಕುರ್ಚಿ ಹುಡುಕುವ ಮನುಷ್ಯ ಹೆಣ್ಣನ್ನು ಎತ್ತುವುದುಂಟೆ? ದಾಯಾದಿ ಶಿವಸ್ವಾಮಿ, ಜಿಮ್ಮಿಗೆ ಹೋಗಿ ತೋಳು ಬೆಳೆಸಿಕೊಂಡಿದ್ದವನು, "ಬುಡು ಮಾದಣ್ಣ, ನಾನ್ ಎತ್ಕತಿನಿ. ಭಾನು ನಂಗೂ ಸೊಸೆನೇ ತಾನೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಪುಟ್ಟಮಾದುವಿಗೆ ಮಾತ್ರ ಕೆನ್ನೆಗೆ ಬಾರಿಸಿದಂತಾಯಿತು. ಮಾರನೆಯ ವಾರವೇ ಅವನು ಮೈಸೂರಿನ ಬಸ್ಸು ಹತ್ತಿದ್ದು.

ಅವನು ಹುಟ್ಟಾ ದಪ್ಪಗಿದ್ದವನಲ್ಲ. ಕೆಲಸಕ್ಕೆ ಸೇರಿದಾಗ ಖಾಕಿ ಅಂಗಿಯೊಳಗೆ ಇನ್ನೊಬ್ಬ ಹಿಡಿಯುವಷ್ಟು ಬಡಕಲು. ಗುಂಡ್ಲುಪೇಟೆ ಡಿಪೋದಿಂದ ಬಂಡೀಪುರ ದಾಟಿ ಊಟಿಗೆ ಹೋಗುವ ಗಾಡಿ. ಡ್ರೈವರ್ ಮಹಾಲಿಂಗ, ಕಂಡಕ್ಟರ್ ಪುಟ್ಟಮಾದು, ಅದು ಹದಿನೈದು ವರ್ಷ ಬಿಡದ ಜೋಡಿ. ಊಟಕ್ಕೆ ಬಸ್ ನಿಲ್ಲಿಸಿದ ಹೋಟೆಲಿನವರು ಡ್ರೈವರ್ ಕಂಡಕ್ಟರ್ ಹತ್ತಿರ ಕಾಸು ಮುಟ್ಟುತ್ತಾರೆಯೇ? ಒಳಗಿನ ಕೋಣೆಯಲ್ಲಿ ಬೇರೆಯೇ ಎಲೆ. ಮಲಯಾಳಿ ಕಾಕನ ಹೋಟೆಲಿನಲ್ಲಿ ಪರೋಟ, ಮೀನು, ಬೇಡವೆಂದರೂ ಬಂದು ಬೀಳುತ್ತಿದ್ದ ಬಿರಿಯಾನಿ. ಮಹಾಲಿಂಗ ಎಷ್ಟು ತಿಂದರೂ ಸ್ಟೇರಿಂಗ್ ತಿರುಗಿಸಿ ಕರಗಿಸಿಕೊಂಡ. ಪುಟ್ಟಮಾದು ಕರಗಿಸಿಕೊಳ್ಳಲಿಲ್ಲ, ರಾತ್ರಿ ಮನೆಗೆ ಬಂದು ಅಕ್ಕ ಬಡಿಸಿದ ಮುದ್ದೆಗೂ ಇಲ್ಲ ಎನ್ನಲಿಲ್ಲ.

ಅಕ್ಕನಿಗೆ ಇಲ್ಲ ಎನ್ನುವುದು ಅವನಿಗೆ ಬರುತ್ತಲೇ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ದೊಡ್ಡಮಾದಮ್ಮ ಹಾಲು ಕುಡಿಯುವ ಕೂಸಿನ ಜೊತೆ ತವರಿಗೆ ಬಂದಳು. ಪುಟ್ಟಮಾದು ಮದುವೆಯ ಮಾತನ್ನು ಮುಂದೂಡಿದ, ಮುಂದೂಡಿದ, ಆಮೇಲೆ ಜನ ಕೇಳುವುದನ್ನೇ ಬಿಟ್ಟರು. ಅವನಿಗೇನೂ ಕೊರತೆ ಅನ್ನಿಸಲಿಲ್ಲ. ರಜೆಯ ದಿನ ಭಾನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಚೆಂಡುಹೂವಿನ ಹೊಲದ ಬದುವಿನಲ್ಲಿ ನಡೆಯುತ್ತಿದ್ದ. ರಸ್ತೆಯಲ್ಲಿ ಕಾರು ನಿಲ್ಲಿಸಿ ಹೂವಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಕೇರಳದವರಿಗೆ ಅವಳು ಮೇಲಿನಿಂದಲೇ "ಟಿಕೆಟ್, ಟಿಕೆಟ್" ಎಂದು ಕೂಗುತ್ತಿದ್ದಳು. ಸಂಜೆ ಇಬ್ಬರೂ ಅಕ್ಕನ ಮುಂದೆ ಕೂತು ಅವರೆಕಾಳಿನ ಸಾರಿಗೆ ಮುದ್ದೆ ಅದ್ದುತ್ತಿದ್ದರು. "ಇನ್ನೊಂದ್ ಮುದ್ದ ಇಕ್ಲಾ?" ಎಂದು ಅಕ್ಕ ಕೇಳುವ ಮೊದಲೇ ಇಕ್ಕಿರುತ್ತಿದ್ದಳು.

ಮೈ ಬೆಳೆಯುತ್ತಾ ಹೋಗಿ, ಕೊನೆಗೆ ಬಸ್ಸಿನ ಎರಡು ಸೀಟಿನ ಸಾಲಿನ ನಡುವೆ ಅವನು ನುಗ್ಗಲಾಗದ ದಿನ ಬಂತು. ಹಿಂದಿನವರು ಕೈಯಿಂದ ಕೈಗೆ ದುಡ್ಡು ದಾಟಿಸಿ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ನಗುತ್ತಿದ್ದರು ಕೂಡ. ಅವನೂ ನಗುತ್ತಿದ್ದ, ಆದರೆ ಅವತ್ತಿನ ನಗು ಮನೆಗೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಡಿಪೋದವರು ಕರುಣೆಯಿಂದ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಲ್ಲಿ ಕೂರಿಸಿದರು. ಕೂತು ಮತ್ತಷ್ಟು ಬೆಳೆದ.

ಆಪರೇಷನ್ ಆದ ಹೊಸದರಲ್ಲಿ ತೂಕ ಚೆನ್ನಾಗಿಯೇ ಇಳಿಯಿತು. ಮನೆಯ ತಕ್ಕಡಿ ಇವನ ಭಾರಕ್ಕೆ ಮುಳ್ಳು ತಿರುಗಿಸಿ ಕೈಚೆಲ್ಲುತ್ತಿದ್ದರಿಂದ, ಬಸ್ ಸ್ಟ್ಯಾಂಡಿನ ಹಿಂದೆ ಇದ್ದ ರಾಚಯ್ಯನ ಅರಿಸಿನದ ಮಂಡಿಯಲ್ಲಿ, ಮೂಟೆ ತೂಗುವ ತಕ್ಕಡಿಯ ಮೇಲೆ ವಾರಕ್ಕೊಮ್ಮೆ ನಿಲ್ಲುತ್ತಿದ್ದ. ರಾಚಯ್ಯನಿಗೆ ತೂಕವನ್ನು ಗಟ್ಟಿಯಾಗಿ ಕೂಗಿ ಅಭ್ಯಾಸ. ಅರಿಸಿನದ ಮೂಟೆಯಾದರೇನು, ಪುಟ್ಟಮಾದುವಾದರೇನು, ಮಂಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಮೊದಮೊದಲು ಹಮಾಲಿಗಳು ಚಪ್ಪಾಳೆ ತಟ್ಟಿದರು.

ಸಂಕ್ರಾಂತಿ ಕಳೆದ ಮೇಲೆ ಮುಳ್ಳು ನಿಂತಲ್ಲೇ ನಿಂತಿತು. ಒಂದು ವಾರ, ಇನ್ನೊಂದು ವಾರ, ಮತ್ತೊಂದು. ರಾಚಯ್ಯನೇ ನಾಚಿಕೊಂಡು ದನಿ ತಗ್ಗಿಸಿದ. ಪುಟ್ಟಮಾದು ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದ, ಸಂಜೆ ಮತ್ತೆ ನಡೆದ. ತಿನ್ನುತ್ತಿದ್ದದ್ದು ಹೊತ್ತಿಗೆ ಒಂದು ಬಟ್ಟಲು ಗಂಜಿ ಮಾತ್ರ. ಅದಕ್ಕಿಂತ ಒಂದು ಚಮಚ ಹೆಚ್ಚಾದರೆ ಎದೆಗೆ ಬಂದು ನಿಲ್ಲುತ್ತಿತ್ತು. ಇಷ್ಟಾದರೂ ಇಳಿಯದಿದ್ದರೆ ಯಾರನ್ನು ಬೈಯುವುದು? ಹಸಿವೇನೋ ಹೋಗಿತ್ತು, ತೂಕ ಹೋಗಿರಲಿಲ್ಲ. ಪಕ್ಕದ ಮನೆಯಲ್ಲಿ ಒಗ್ಗರಣೆ ಬಿದ್ದಾಗ ಹಳೆಯ ಊಟಗಳೆಲ್ಲ ನೆನಪಿಗೆ ಬಂದು ಕೂರುತ್ತಿದ್ದವು. ತಿನ್ನುವ ಆಸೆಯಲ್ಲ ಅದು. "ಇನ್ನೊಂದು ಮುದ್ದೆ" ಎಂದು ಯಾರೂ ಕೇಳದ ಮನೆಯಲ್ಲಿ ತಾನು ನೆಂಟನಾಗಿಬಿಟ್ಟೆ ಅನ್ನಿಸುತ್ತಿತ್ತು.

ಮೈಸೂರಿಗೆ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿದ, "ಸಾರ್, ನಾನು ಭಾರ ಎತ್ತಬಹುದಾ?"

"ಎತ್ತಬಹುದು, ಈಗ ಗಾಯ ಮಾಗಿದೆ. ಏನು ಎತ್ತಬೇಕು?"

"ಒಂದು ಮದುವೆ ಹೆಣ್ಣು ಸಾರ್."

ಡಾಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. ವಿಷಯ ತಿಳಿದ ಮೇಲೆ, ನೀರಿನ ಕ್ಯಾನಿನಿಂದ ಶುರು ಮಾಡಿ, ಮೆಲ್ಲಗೆ ಮೇಲೆ ಹೋಗಿ ಎಂದರು. ಅವತ್ತಿನಿಂದ ಹಿತ್ತಲಿನಲ್ಲಿ ನೀರಿನ ಕ್ಯಾನು, ಆಮೇಲೆ ಅರ್ಧ ಚೀಲ ರಾಗಿ. ಮಹಾಲಿಂಗ ಡ್ಯೂಟಿ ಮುಗಿಸಿ ಬಂದು ಕಲ್ಲಿನ ಮೇಲೆ ಕೂತು, "ಎತ್ಲಾ, ಎತ್ಲಾ, ಇದೇನ್ ಊಟಿ ಘಾಟಾ?" ಎಂದು ಹುರಿದುಂಬಿಸುತ್ತಿದ್ದ. ಭಾನು ಒಂದು ಸಂಜೆ ಇದನ್ನು ನೋಡಿ ಕೈಯಿಂದ ಚೀಲ ಕಿತ್ತುಕೊಂಡಳು.

"ಯಾಕ್ ಮಾವ ಇಂಗ್ ಸಾಯ್ತೀಯ? ನಾನ್ ನಡ್ಕಂಡೇ ಓಗ್ತಿನಿ ಬುಡು. ಕಾಲಿಲ್ವಾ ನಂಗ?"

"ನೀ ಸುಮ್ಕಿರು ಕಣಮ್ಮಿ. ಕಾಲು ನಿಂದಾದ್ರೂ ಎತ್ತೋದ್ ನನ್ ಕೆಲ್ಸ."

ಮುಳ್ಳು ಇಳಿಯದ ಗುಟ್ಟು ಬಯಲಾದದ್ದು ಲಗ್ನಪತ್ರಿಕೆಯ ದೆಸೆಯಿಂದ. ನೆಂಟರಿಗೆ ಪತ್ರಿಕೆ ಕೊಡಲು ದೊಡ್ಡಮಾದಮ್ಮ ಚಾಮರಾಜನಗರದ ಕಡೆಗೆ ಹೋಗಿ ವಾರವಿಡೀ ಅಲ್ಲೇ ಉಳಿದಳು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಭಾನು ಅಷ್ಟು ದಿನ ಮಾವನಿಗೆ ಗಂಜಿ ಕಾಸಿದಳು. ಆ ವಾರ ತಕ್ಕಡಿಯ ಮುಳ್ಳು ಇಳಿಯಿತು, ಅದೂ ಎರಡು ಕಿಲೋ. ರಾಚಯ್ಯ ಹಳೆಯ ದನಿಯಲ್ಲಿ ಕೂಗಿದ. ಪುಟ್ಟಮಾದು ಕುಣಿಯುವುದೊಂದು ಬಾಕಿ, ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದ. ಆ ಕಡೆಯಿಂದ ಅವಳು ಕೇಳಿದ್ದು ಒಂದೇ, "ಭಾನು ಗಂಜಿಗ ಏನ್ ಹಾಕ್ತಾವ್ಳ?"

ಅಕ್ಕ ವಾಪಸ್ಸು ಬಂದ ದಿನ, ಮಾವ ಗಂಜಿಗೆ ಕೂತಿದ್ದಾಗಲೇ, ಭಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಅವ್ವ, ಮಾವನ್ ಗಂಜಿಗ ನೀ ಏನೇನ್ ಹಾಕ್ತಿದ್ದ?"

ತುಪ್ಪ. ಹುರಿದು ಪುಡಿ ಮಾಡಿದ ಕಡಲೆಕಾಯಿ ಬೀಜ. ಹುಚ್ಚೆಳ್ಳು. ತೆಂಗಿನಕಾಯಿಯ ಗಟ್ಟಿ ಹಾಲು. ಒಂದು ಅಚ್ಚು ಬೆಲ್ಲ. ಡಾಕ್ಟರು ಹೇಳಿದ ಒಂದು ಬಟ್ಟಲನ್ನು ಮೀರಿರಲಿಲ್ಲ ಅವಳು. ಆ ಬಟ್ಟಲೊಳಗೆ ಮಾತ್ರ ಒಂದು ಬೀಗರ ಊಟವನ್ನೇ ಇಳಿಸಿದ್ದಳು. ಆಪರೇಷನ್ ಆದವರ ಗಂಜಿ ಹೀಗೇ ಇರಬೇಕೆಂದು ಪುಟ್ಟಮಾದು ಕಣ್ಣು ಮುಚ್ಚಿ ಕುಡಿದಿದ್ದ.

ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮೈ ಕುಯ್ಸ್ಕಂಡಿದ್ದು ನಾನು! ಊರೆಲ್ಲ ನಗಾಡ್ತದ, ನೀ ತುಪ್ಪ ಉಯ್ತಾ ಕುಂತಿದ್ದ!" ಎಂದು ಕೂಗಿ, ಬಟ್ಟಲನ್ನು ತಳ್ಳಿ ಎದ್ದುಹೋದ. ಹುಟ್ಟಿದ ಮೇಲೆ ಅಕ್ಕನ ಎದುರು ದನಿ ಎತ್ತಿದ್ದು ಅದೇ ಮೊದಲು. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ, ಭಾನು ಕೊಟ್ಟದ್ದನ್ನು ಕುಡಿದು ಡ್ಯೂಟಿಗೆ ಹೋದ.

ಮೂರನೆಯ ದಿನ ಅಕ್ಕನೇ ಹಿತ್ತಲಿಗೆ ಬಂದಳು. ಅವನು ರಾಗಿಯ ಚೀಲ ಎತ್ತಿ ಇಳಿಸುತ್ತಿದ್ದ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು, "ಅಪ್ಪ ಸತ್ತಾಗ ನೀ ಇಷ್ಟುದ್ದ ಇದ್ದ. ನಿಂಗ ಉಂಬಕ್ಕ ಇಕ್ಕದ್ ಬುಟ್ಟು ನಂಗ ಇನ್ನೇನ್ಲಾ ಬತ್ತದ? ಬೊಗಸ ಅಷ್ಟ್ ಬಟ್ಲು ಕೊಟ್ಟು ಇಷ್ಟೇ ಇಕ್ಕು ಅಂದ್ರ... ನೀ ಮೊದ್ಲು ಉಣ್ತಿದ್ದದ್ನೆಲ್ಲ ಅದ್ರೊಳಗ ಎಂಗ್ ತುಂಬ್ಲಿ ಅಂತ ದಿನಾ ಯೋಚ್ನ ಮಾಡ್ತಿದ್ದಿ ಕಣ್ಲಾ. ನೀ ಸೊರಗಿ ಬಿದ್ರ ಭಾನುನ ಎತ್ತೋರ್ ಯಾರು?"

ಪುಟ್ಟಮಾದು ಚೀಲ ಕೆಳಗಿಟ್ಟ. "ಆಗ್ಲಿ ಬುಡಕ್ಕ. ಇನ್‌ಮ್ಯಾಗ ಬ್ಯಾಳ ಕಟ್ಟು ಕಾಸು, ಉಪ್ಪು ಮಾತ್ರ ಹಾಕು" ಎಂದ. ಅವಳು ಉಪ್ಪು ಮಾತ್ರ ಹಾಕಿದಳು. ಹಾಕುವಾಗ ಕಣ್ಣೀರು ಬಿದ್ದಿದ್ದರೆ ಅದಕ್ಕೆ ಡಾಕ್ಟರು ಏನೂ ಹೇಳಿರಲಿಲ್ಲ.

ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ. ಅಷ್ಟು ಹೊತ್ತಿಗೆ ಪುಟ್ಟಮಾದು ತೆಳ್ಳಗಾಗಿದ್ದ ಎಂದರೆ ಸುಳ್ಳಾಗುತ್ತದೆ. ಈಗಲೂ ದಪ್ಪಗಿನ ಮನುಷ್ಯನೇ. ಆದರೆ ಕುರ್ಚಿ ಹುಡುಕದೆ ಓಡಾಡುತ್ತಿದ್ದ, ನೆಂಟರನ್ನು ಬಾಗಿಲಿಗೆ ಹೋಗಿ ಕರೆಯುತ್ತಿದ್ದ. ಗಂಡು ನಿಂಗರಾಜು ಚಾಮರಾಜನಗರದಲ್ಲಿ ಲೈನ್‌ಮನ್, ಒಳ್ಳೆಯ ಹುಡುಗ. "ದೂರ ಏನಿಲ್ಲ, ಒಂದ್ ಗಂಟ ಬಸ್ಸು" ಎಂದು ಪುಟ್ಟಮಾದು ಸಿಕ್ಕಿದವರಿಗೆಲ್ಲ ತಾನಾಗಿ ಹೇಳುತ್ತಿದ್ದ.

ಮುಹೂರ್ತಕ್ಕೆ ಹೆಣ್ಣನ್ನು ಕರೆತರಲು ಹೇಳಿದರು. ಹೆಣ್ಣಿನ ಕೋಣೆಯಿಂದ ವೇದಿಕೆಗೆ ಛತ್ರದ ಉದ್ದಕ್ಕೂ ನಡೆಯಬೇಕು, ಕೊನೆಯಲ್ಲಿ ಮೆಟ್ಟಿಲು. ಪುಟ್ಟಮಾದು ಬಗ್ಗಿ, ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಯ ಕೆಳಗೆ ಕೊಟ್ಟು ಎತ್ತಿದ. ಭಾನು ತೋಳಿಗೆ ಬಂದಳು. ಓಲಗ ಜೋರಾಯಿತು. ಶಿವಸ್ವಾಮಿ ಕೈ ಚಾಚಿಕೊಂಡೇ ಪಕ್ಕದಲ್ಲಿ ಬಂದ. ಮಹಾಲಿಂಗ ಮುಂದೆ ಜನ ಸರಿಸುತ್ತಾ "ರೈಟ್, ರೈಟ್" ಎನ್ನುತ್ತಿದ್ದ. ಅರ್ಧ ದಾರಿಯಲ್ಲಿ ಫೋಟೋದವನು ಅಡ್ಡ ಬಂದು, "ಸಾರ್, ಹಾಗೇ ಒಂದ್ನಿಮಿಷ, ಸ್ಮೈಲ್" ಎಂದ. ಪುಟ್ಟಮಾದುವಿನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಫೋಟೋದವನು ದಾರಿ ಬಿಟ್ಟ.

ಮೆಟ್ಟಿಲ ಬಳಿ ಉಸಿರು ಕಟ್ಟಿತು. "ಮಾವ, ಇಳ್ಸು, ಸಾಕು" ಎಂದು ಭಾನು ಕಿವಿಯಲ್ಲಿ ಅಂದಳು. ಅವನು ಒಂದು ಮೆಟ್ಟಿಲು ಹತ್ತಿದ. ಇನ್ನೊಂದು. ಮೇಲೆ ಬಂದೇಬಿಟ್ಟ. ಇಡೀ ಛತ್ರ ಹೋ ಎಂದು ಕೂಗಿತು, ದೊಡ್ಡಮಾದಮ್ಮ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

"ಕೂರಿಸಪ್ಪ" ಎಂದರು ಪುರೋಹಿತರು.

ಪುಟ್ಟಮಾದು ಕೂರಿಸಲಿಲ್ಲ. ಹಸೆಮಣೆಯ ಮುಂದೆ ನಿಂತೇ ಇದ್ದ. ಪುರೋಹಿತರು ಮತ್ತೊಮ್ಮೆ ಹೇಳಿದರು. ಕೈ ಹಿಡಿದುಕೊಂಡಿತೇನೋ ಎಂದು ಶಿವಸ್ವಾಮಿ ಓಡಿ ಬಂದ, ಮಹಾಲಿಂಗ ನೀರು ತರಲು ಹೋದ. ಕೈಗೆ ಏನೂ ಆಗಿರಲಿಲ್ಲ. ಆಪರೇಷನ್, ಗಂಜಿ, ಕೆರೆ ಏರಿ, ರಾಗಿಯ ಚೀಲ, ಇಷ್ಟರಲ್ಲೂ ಅವನು ಇಲ್ಲಿಯವರೆಗೆ ಬರುವುದನ್ನು ಮಾತ್ರ ಯೋಚಿಸಿದ್ದ. ಇಲ್ಲಿಗೆ ಬಂದ ಮೇಲೆ ಅವಳನ್ನು ಕೊಟ್ಟುಬಿಡಬೇಕು ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ದೊಡ್ಡಮಾದಮ್ಮ ಹತ್ತಿರ ಬಂದು ಅವನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. "ಇಳ್ಸು ಮಾದು" ಎಂದಳು ಮೆಲ್ಲಗೆ.

"ಇರಕ್ಕ" ಎಂದ ಪುಟ್ಟಮಾದು. "ಇನ್ನೊಂಚೂರು ಇರು. ಭಾರ ಏನಿಲ್ಲ."