ಮಂಕಿಯ ಮೀನಿನ ಮೇಲೆ ಮೊಪೆಡ್

ಹೊನ್ನಾವರದ ಲಾಡ್ಜಿನ ಬಾಗಿಲಲ್ಲಿ ‘ಕಡಲ ದಂಡೆಯಲ್ಲಿ ಮೊಪೆಡ್ ಸವಾರಿ, ಜೊತೆಗೆ ಗೈಡು, ಹೊಸಬರಿಗೂ ಸುಲಭ’ ಎಂಬ ಹಲಗೆ ನೇತಾಡುತ್ತಿತ್ತು. ನಂಬಿದ್ದು ನನ್ನ ತಪ್ಪು.

ಹತ್ತಿರದ ಮಂಕಿ ಊರಿನ ದಂಡೆಯಲ್ಲಿ ಗೈಡು ನನ್ನ ಚಪ್ಪಲಿ ಬಿಡಿಸಿ, ಬಿದ್ದರೆ ಕಾಲಿಗೆ ಪೆಟ್ಟಾಗಬಾರದೆಂದು ದಪ್ಪ ಬೂಟು ತೊಡಿಸಿದ. “ನಾ ಹೋದಲ್ಲೇ ಬನ್ನಿ ಸಾರ್, ಹೆದರೂದು ಎಂತಕ್ಕೆ” ಎಂದು ತನ್ನ ಮೊಪೆಡ್ ಏರಿ ಮುಂದೆ ಹೊರಟ.

ಅವನು ಹೋದಲ್ಲೇ ಹೋದೆ. ಎದುರಿಗೆ ಒಣಗಲು ಹರವಿದ್ದ ತಾರ್ಲೆ ಮೀನು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಅದರ ಅಂಚಿನಲ್ಲಿ ಸಲೀಸಾಗಿ ತಿರುಗಿಸಿಕೊಂಡ. ಅರ್ಧ ಗಂಟೆಯ ಹಿಂದೆ ಹ್ಯಾಂಡಲ್ ಹಿಡಿದ ನನಗೆ ಹಾಗೆ ತಿರುಗಿಸಲು ಬರುತ್ತದೆಯೇ? ನೇರ ನುಗ್ಗಿ, ಮೀನಿನ ನಡುವೆ ಮಗುಚಿ ಬಿದ್ದೆ.

ಕಾಗೆ ಓಡಿಸುತ್ತ ಕೂತಿದ್ದ ಹೆಂಗಸು ಕೋಲು ಹಿಡಿದೇ ಬಂದಳು. “ದಿನಾ ಒಬ್ಬರನ್ನ ತಂದು ಇಲ್ಲೇ ಬೀಳಸ್ತೆ ಅಲ್ಲ ತಮಾ” ಎಂದು ಗೈಡನ್ನು ತರಾಟೆಗೆ ತೆಗೆದುಕೊಂಡಳು. ದಿನಾ ಅಂತೆ! ನನಗೆ ಮೈಯೆಲ್ಲ ಉರಿಯಿತು.

ಗೈಡು ಅಂಚಿನಲ್ಲಿ ಚಪ್ಪಲಿ ಕಳಚಿಟ್ಟು, ಒಂದು ಮೀನನ್ನೂ ತುಳಿಯದೆ ತುದಿಗಾಲಲ್ಲಿ ಬಂದು ನನ್ನನ್ನು ಎಬ್ಬಿಸಿದ.

“ಚಪ್ಪಲಿ ಯಾಕಯ್ಯ ಬಿಟ್ಟೆ?”

“ಉಣ್ಣೂ ಮೀನು ಸಾರ್. ಚಪ್ಪಲಿ ಹಾಕಿ ಬರೂಕಾಗ.”

ಇಷ್ಟೆಲ್ಲ ತಿಳಿದವನು ನನ್ನನ್ನು ಮಾತ್ರ ಗಾಡಿ ಸಮೇತ ಇದರ ಮೇಲೆ ಬಿಟ್ಟನಲ್ಲ! ಅವನಿಗೆ ನಾಲ್ಕು ಮಾತು ಆಡಲೇಬೇಕೆಂದು ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತೆ.

“ಬೈಯೂದೆಲ್ಲ ಆಮೇಲೆ” ಎಂದಳು ಹೆಂಗಸು, ನನ್ನ ಕಾಲನ್ನೇ ನೋಡುತ್ತ. “ಮೊದ್ಲು ಆ ಬೂಟು ತೆಗೀರಿ.”