ಒಂದು ಮತದ ಸೋಲು

ಜೆನಿನ್ ಪಟ್ಟಣದ ತೆಂಕಣಕ್ಕಿರುವ ದೇರ್ ಲೌಜ್ ಹಳ್ಳಿಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ರಸ್ಮಿಯಾಳಿಗೆ ನಿವೃತ್ತಿಯಾದ ವರ್ಷವೇ ಊರಿನ ಚುನಾವಣೆ ನಡೆಸಿಕೊಡುವ ಹೊಣೆ ಬಿತ್ತು. ಹನ್ನೆರಡು ವರ್ಷಗಳಿಂದ ಊರಿನ ಅಧ್ಯಕ್ಷನಾಗಿದ್ದವನು ಅವಳ ಒಡಹುಟ್ಟಿದ ಅಣ್ಣ ನಾಜಿ. ಎದುರು ನಿಂತವನು ಇನ್ನೊಂದು ಮನೆತನದ ಹಿಕ್ಮತ್. ಎರಡು ಮನೆತನಗಳದೂ ಹಾವು ಮುಂಗುಸಿಯ ಬಾಳು. ಬಾವಿಯ ನೀರಿಗಾಗಿ ಒಮ್ಮೆ ಗುಂಡೂ ಹಾರಿತ್ತು. ಆದರೂ ಟೀಚರ ಲೆಕ್ಕ ತಪ್ಪದೆಂದು ಎರಡೂ ಕಡೆಯವರು ಅವಳನ್ನು ಒಪ್ಪಿದ್ದರು.

"ನಮ್ದು ಅಂತ ಒಂದು ದೇಶಾನೇ ಇನ್ನೂ ಆಗಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದೀರಲ್ಲ ಟೀಚರೇ?" ಎಂದು ಕ್ಷೌರದಂಗಡಿಯ ಮುನೀಬ್ ಕೆಣಕಿದ.

"ಹೊಲಿಸ್ತೀನಪ್ಪ. ಹುಟ್ಟಿದ್ರೆ ಸಾಕಾ, ಬದುಕಬೇಡ್ವಾ? ಸೋತೋರು ಸುಮ್ನೆ ಮನೆಗೆ ಹೋಗೋದು ಕಲೀದಿದ್ರೆ ಆ ದೇಶ ವಾರಾನೂ ಬಾಳಲ್ಲ."

ಮತದಾನದ ದಿನ, ನೆಲ ಆಕ್ರಮಿಸಿ ಕೂತ ಸೈನಿಕರ ತಡೆಗೇಟಿನಲ್ಲಿ ಎರಡೆರಡು ಗಂಟೆ ಕಾದವರೂ ಬಂದು ಮತ ಹಾಕಿದರು. ಸಂಜೆ ಶಾಲೆಯ ಕೋಣೆಯಲ್ಲಿ, ಎಲ್ಲರ ಕಣ್ಣೆದುರು ಎಣಿಕೆ ನಡೆಯಿತು. ಹಿಕ್ಮತ್ ಒಂದು ಮತ ಮುಂದಿದ್ದ. ಉಳಿದದ್ದು ಒಂದೇ ಚೀಟಿ. ನಾಜಿಯ ಹೆಸರಿಗೆ ಗುರುತು ಬಿದ್ದಿತ್ತು; ಪಕ್ಕದಲ್ಲಿ 'ದೇವರು ನಿನ್ನ ಕಾಯಲಿ' ಎಂದು ಬರೆದಿತ್ತು. ಲೆಕ್ಕಕ್ಕೆ ಹಿಡಿದರೆ ಇಬ್ಬರೂ ಸರಿಸಮ; ಆದರೆ ನಿಯಮದ ಪ್ರಕಾರ ಗುರುತಿನ ಹೊರತು ಒಂದಕ್ಷರ ಬರೆದರೂ ಮತ ಕೆಟ್ಟಂತೆ.

ರಸ್ಮಿಯಾ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಅಪ್ಪ ಸತ್ತಾಗ ತಾನು ಶಾಲೆ ಬಿಟ್ಟು, ಕಲ್ಲುಗಣಿಗೆ ದುಡಿಯಲು ಹೋಗಿ ಅವಳನ್ನು ಓದಿಸಿದವನು ಈ ಅಣ್ಣ.

"ಈ ಮತ ಅಸಿಂಧು. ಗೆದ್ದಿದ್ದು ಹಿಕ್ಮತ್" ಎಂದಳು.

ನಾಜಿಯ ಕಡೆಯ ಹುಡುಗರು ಬೆಂಚು ತಳ್ಳಿ ಎದ್ದರು. ನಾಜಿ ಕೈಯೆತ್ತಿ ಅವರನ್ನು ಕೂರಿಸಿ, ಮುಂದೆ ಬಂದು ಚೀಟಿಯನ್ನು ದಿಟ್ಟಿಸಿದ.

"ಈ ಅಕ್ಷರ ಯಾರದು ಅಂತ ನಂಗೊತ್ತು."

"ಗೊತ್ತಿದ್ರೂ ಬಾಯಿ ಬಿಡ್ಬೇಡ ಅಣ್ಣಾ. ಮತ ಗುಪ್ತ."

ಹಿಂದಿನ ಸಾಲಿನಲ್ಲಿ ನಾಜಿಯ ಹೆಂಡತಿ ತಲೆವಸ್ತ್ರವನ್ನು ಮೂಗಿನವರೆಗೆ ಎಳೆದುಕೊಂಡಳು. ಮೊದಲು ನಕ್ಕವನು ನಾಜಿಯೇ. ಆಮೇಲೆ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು.

ಅವನು ಜೇಬಿನಿಂದ ಊರಿನ ಮೊಹರು ತೆಗೆದು ಹಿಕ್ಮತನ ಅಂಗೈಯಲ್ಲಿಟ್ಟ. "ಭಾರ ಅನ್ನಿಸ್ತಿದೆಯೇನೋ? ನಂಗೂ ಮೊದಲ ದಿನ ಅನ್ನಿಸಿತ್ತು. ಬೆಳಿಗ್ಗೆ ಬಾ, ನೀರಿನ ಪಂಪು ಎಲ್ಲೆಲ್ಲಿ ಕೈಕೊಡುತ್ತೆ ಅಂತ ತೋರಿಸ್ತೀನಿ."

ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಸಂಭ್ರಮದ ಕೂಗು ಶಾಲೆಯ ಮಾಡು ಹಾರಿಸುವಂತೆ ಎದ್ದಿತು. ನಾಜಿಯ ಗೆಲುವಿಗೆಂದು ಮಾಡಿಸಿದ್ದ ಕುನಾಫೆ ಸಿಹಿಯ ಹರಿವಾಣಗಳು ಅಂಗಳಕ್ಕೆ ಬಂದವು. ಮೊದಲ ತುಂಡನ್ನು ಹಿಕ್ಮತನ ತಾಯಿಯ ಬಾಯಿಗಿಟ್ಟವಳು ನಾಜಿಯ ಹೆಂಡತಿ. ರಸ್ಮಿಯಾ ಫಲಿತಾಂಶದ ಕಾಗದಕ್ಕೆ ತನ್ನ ಪೂರ್ತಿ ಹೆಸರಿನ ಸಹಿ ಹಾಕಿ, ಊರೆಲ್ಲ ಓದಲೆಂದು ಶಾಲೆಯ ಬಾಗಿಲಿಗೆ ಅಂಟಿಸಿ, ಅಣ್ಣನ ಪಕ್ಕ ಹೋಗಿ ಕೂತಳು.