ಕರಟದಲ್ಲಿ ನೆಟ್ಟ ಆಲೂಗೆಡ್ಡೆ

ಇವತ್ತು ಹಾಸನದ ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿ ಒಂದು ಆಲೂಗೆಡ್ಡೆ ಮೊಳಕೆಯೊಡೆದಿತ್ತು. ಮೂಗಿಗೆ ಹಿಡಿದರೆ ಅದೇ ಹಸಿ ಮಣ್ಣಿನ ವಾಸನೆ.

ಮಲ್ಲಿಪಟ್ಟಣದ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ನಾನಾಗ ಎರಡನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಅವ್ವ ತೀರಿಕೊಂಡಿದ್ದಳು. ಹೊಲದ ಬದುವಿನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದ್ದರು. ಶಾಲೆ ಶುರುವಾದಾಗ ಮಿಸ್ ನಮ್ಮಿಂದ ಬಿತ್ತನೆ ಗೆಡ್ಡೆ ತರಿಸಿ, ಪ್ರತಿ ಹೋಳಿನಲ್ಲೂ ಮೊಳಕೆ ಬರುವ ಒಂದು ಕಣ್ಣು ಉಳಿಯುವಂತೆ ಕತ್ತರಿಸಿ, ತೆಂಗಿನ ಕರಟಗಳಲ್ಲಿ ನೆಡಿಸಿದರು. ಪ್ರಾರ್ಥನೆ ಮುಗಿದ ಮೇಲೆ ಅವಕ್ಕೆ ನೀರು ಹಾಕುವುದೇ ನಮ್ಮ ಮೊದಲ ಪಾಠ. ಎಲ್ಲರಿಗಿಂತ ಮುಂಚೆ ನನ್ನದು ಚಿಗುರಿತು.

“ಮಿಸ್, ಮಣ್ಣಿಗೆ ಆಕಿದ್ದೆಲ್ಲ ಮ್ಯಾಕೆ ಬತ್ತದಾ?” ಎಂದು ಕೇಳಿದೆ.

“ದಿನಾ ನೀರು ಹಾಕುದ್ರೆ ಬತ್ತದೆ ಕಣವ್ವ,” ಎಂದು ಅವರು ನಕ್ಕರು.

ಸಂಜೆ ಚೊಂಬು ಹಿಡಿದು ಬದುವಿಗೆ ಹೋದೆ. ಉಳುತ್ತಿದ್ದ ಅಪ್ಪ ಎತ್ತು ನಿಲ್ಲಿಸಿ ಬಂದ.

“ಏನ್ಮಾಡ್ತಿದ್ದೀಯವ್ವ ಇಲ್ಲಿ?”

“ಅವ್ವಂಗೆ ನೀರು ಆಕ್ತಿವ್ನಿ. ಬತ್ತಾಳಂತೆ, ಮಿಸ್ ಏಳವ್ರೆ.”

ಅಪ್ಪ ಬೈಯಲಿಲ್ಲ. ಖಾಲಿ ಚೊಂಬನ್ನು ಇಸಿದುಕೊಂಡು, ಕಾಲುವೆಯಲ್ಲಿ ತುಂಬಿ ತಂದು, ಮತ್ತೆ ನನ್ನ ಕೈಗೇ ಕೊಟ್ಟ.

ಅಪ್ಪನೂ ಈಗ ಅದೇ ಬದುವಿನ ಪಕ್ಕದಲ್ಲಿದ್ದಾನೆ. ಇವತ್ತಿನ ಗೆಡ್ಡೆಯನ್ನು ಸಾರಿಗೆ ಹೆಚ್ಚಲು ಮನಸ್ಸಾಗಲಿಲ್ಲ. ಕುಂಡದಲ್ಲಿ ನೆಟ್ಟು ನೀರು ಹಾಕಿದೆ.